ರಾಜಮಾಳ ಕಡೆಯ ಕೌದಿ

ರಾಜಮಾ ದವಾಖಾನೆಯಲ್ಲಿ ತೀರಿಕೊಂಡಳೆಂಬ ಸುದ್ದಿ ಗಜೇಂದ್ರಗಡಕ್ಕೆ ಬಂದಾಗ, ಅವಳು ಮುಗಿಸದೆ ಬಿಟ್ಟುಹೋದ, ಹಳೆ ಸೀರೆ ತುಂಡುಗಳ ಕೌದಿ ಗೆಳತಿ ಸಿದ್ದವ್ವನ ತೊಡೆಯ ಮೇಲಿತ್ತು. ಒಂದು ಮೂಲೆ ಮಾತ್ರ ಬಾಕಿ. ಕೌದಿ ಉಪವಾಸ ಇರಬಾರದೆಂದು ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿಯುವುದು ಇಲ್ಲಿ ಕೌದಿ ಹೊಲಿಯುವ ಹೆಂಗಸರ ವಾಡಿಕೆ. ರಾಜಮಾ ಅದನ್ನು ಎಂದೂ ತಪ್ಪಿಸಿದವಳಲ್ಲ.

ಬಡ ಹೆಂಗಸರ ಫೋಟೋ ಹಚ್ಚಿ ಅವರ ಕೌದಿಗಳನ್ನು ಪರದೇಶಕ್ಕೆ ಕಳಿಸುವ ಸಂಸ್ಥೆಯ ಸುವರ್ಣಾ ಬಾಗಿಲಲ್ಲೇ ನಿಂತಿದ್ದಳು. ಗಾಡಿ ಹೊರಡುವ ಹೊತ್ತಾಗಿತ್ತು.

“ರೊಟ್ಟಿ ಹಾಕಬ್ಯಾಡ್ರಿ, ಸಿದ್ದಕ್ಕಾ. ಹುಳ ಬೀಳತಾವಂತ ಪರದೇಶದೋರು ಹೋದ ಸಲಾನ ಬೈದಾರ. ಇನ್ನೊಮ್ಮೆ ಸಿಕ್ಕರ ಕೆಲಸಾನ ಬಂದ್ ಮಾಡ್ತಾರ.”

“ನಮ್ಮ ಹಸಿವಿನ ಫೋಟೋ ಬೇಕು, ನಮ್ಮ ರೊಟ್ಟಿ ಬ್ಯಾಡಂದ್ರ ಹ್ಯಾಂಗವಾ?”

“ಧರ್ಮ ಮಾಡೋರು ಅವರು. ನಾವು ಹೇಳಿದ್ರ ಕೇಳತಾರೇನ್ರಿ?”

“ಹೌದ ಬಿಡು, ಹೊಟ್ಟಿ ತುಂಬಿದೋರಿಗೆ ಕೌದಿ ಹಸಿವು ಹ್ಯಾಂಗ ತಿಳೀಬೇಕು.”

ಹೊರಗೆ ಕಟ್ಟೆಯ ಮೇಲೆ ಉಳಿದ ಹೆಂಗಸರು ಕುಳಿತಿದ್ದರು. ರಾಜಮಾಳ ಮಗಳು ಹುಸ್ನಾ ಕೂಡ ಇನ್ನು ಇದೇ ಕೆಲಸವನ್ನು ನಂಬಬೇಕು. ರೊಟ್ಟಿ ಇಟ್ಟರೆ ಅವರೆಲ್ಲರ ಅನ್ನ ಹೋಗುತ್ತದೆ. ಬಿಟ್ಟರೆ ಗೆಳತಿಯ ಕಡೆಯ ಕೌದಿ ಹಸಿದು ಹೋಗುತ್ತದೆ. ಸಿದ್ದವ್ವ ಕೊನೆಗೆ ರೊಟ್ಟಿಯ ಚೂರನ್ನು ಬದಿಗಿಟ್ಟು ಬರಿಯ ಮೂಲೆಯನ್ನೇ ಹೊಲಿದು ಕೊಟ್ಟಳು.

ಗಾಡಿ ಹೋದ ಮೇಲೆ, ಉಳಿದ ರೊಟ್ಟಿಯ ಚೂರನ್ನು ಕಣ್ಣಿಗೊತ್ತಿಕೊಂಡು ಭೀಮವ್ವನ ಗುಡಿಯಿರುವ ಇಟಗಿಯ ಕಡೆ ಮುಖ ಮಾಡಿದಳು.

“ತಾಯಿ ಭೀಮವ್ವಾ, ಅಕಿ ಕೌದಿ ಉಪವಾಸ ಹೋತು. ಆ ಪಾಪ ನನಗಿರಲಿ. ಅಕಿ ಅಲ್ಲಾನ ಕಡೆ ಹೊಂಟಾಳ, ಅಕಿನ್ನ ಉಪವಾಸ ಇಡಬ್ಯಾಡ್ರಿ ಅಂತ ನೀನ ಅವಗ ಹೇಳು. ಅಕಿ ಜೀವಕ್ಕ ಶಾಂತಿ ಸಿಗಲಿ.”