ಭಸ್ಮಾಧಿಪತಿಯ ಕೊನೆಯ ಮಾತು

ಘರ್ಜನೆಗೆ ಸೋಮವಾರ ಪರೀಕ್ಷೆ. ಘರ್ಜನೆ ಎನ್ನುವುದು ಡಬ್ಬಿಂಗ್ ಸ್ಟುಡಿಯೋದವರು ಅವನಿಗಿಟ್ಟ ಬಿರುದು; ಬೇರೆ ಭಾಷೆಯ ಸಿನಿಮಾಗಳ ಖಳರಿಗೆಲ್ಲ ಇಪ್ಪತ್ತು ವರ್ಷ ಗಂಟಲು ಸವೆಸಿ ಸಂಪಾದಿಸಿದ್ದು. ಹನ್ನೆರಡು ವರ್ಷದ ಹಿಂದೆ ಬಂದ ‘ಮಿಂಚುಹದ್ದು’ ಎರಡನೆಯ ಭಾಗದಲ್ಲಿ ಭಸ್ಮಾಧಿಪತಿ ಎಂಬ ದುಷ್ಟನಿಗೆ ದನಿ ಕೊಟ್ಟವನು ಅವನೇ. ಅಂದು ಸತ್ತು ಬೂದಿಯಾಗಿದ್ದ ಆ ಮಹಾನುಭಾವ ಈಗ ಹೊಸ ಭಾಗದಲ್ಲಿ ಎದ್ದು ಬರುತ್ತಾನಂತೆ. ಇಂಥ ಸಿನಿಮಾಗಳಲ್ಲಿ ಸಾಯುವುದೆಂದರೆ ನಾಲ್ಕು ದಿನ ರಜೆ ಹಾಕಿದ ಹಾಗೆ.

"ಈ ಸಲ ಕೂಗಾಟ ಬೇಡ," ಎಂದು ಡಬ್ಬಿಂಗ್ ನೋಡಿಕೊಳ್ಳುವ ಮೇಡಂ ಫೋನಿನಲ್ಲಿ ಹೇಳಿದ್ದರು. "ಸಾಯೋ ಸೀನಲ್ಲಿ ಮಾತಾಡಿದ್ರಲ್ಲ, ಆ ಮೆತ್ತನೆ ದನಿ ಬೇಕು. ಸೋಮವಾರ ಬಂದು ಕೇಳಿಸಿ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ."

ತೊಂದರೆ ಇಷ್ಟೇ: ಆ ದನಿ ಅವನದಲ್ಲ.

ಕೂಗುವ ದೃಶ್ಯಗಳನ್ನು ಕೊನೆಗೆ ಇಟ್ಟುಕೊಳ್ಳಬೇಕೆಂಬುದು ಆ ಕಸುಬಿಗೆ ಬಂದ ಮೊದಲ ದಿನವೇ ಕಲಿಯುವ ಪಾಠ. ಆದರೂ ಆ ಸಿನಿಮಾಕ್ಕೆ ದನಿ ಕೊಟ್ಟ ದಿನ ಘರ್ಜನೆ ಹುಮ್ಮಸ್ಸಿನಲ್ಲಿ ಯುದ್ಧವನ್ನೆಲ್ಲ ಬೆಳಗ್ಗೆಯೇ ಮುಗಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಹೊರಡಲಿಲ್ಲ. ಸಂಜೆಯೊಳಗೆ ಕೆಲಸ ಒಪ್ಪಿಸಬೇಕು, ಮೇಡಂ ಊರಲ್ಲಿಲ್ಲ. ಅಣ್ಣನನ್ನು ಕರೆದೊಯ್ಯಲು ಬೈಕಿನಲ್ಲಿ ಬಂದಿದ್ದ ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಫೋನಿನಲ್ಲಿ ಇಬ್ಬರಲ್ಲಿ ಮಾತಾಡುತ್ತಿರುವವನು ಯಾರೆಂದು ಹೆತ್ತ ತಾಯಿಗೇ ಗೊತ್ತಾಗುತ್ತಿರಲಿಲ್ಲ. ರೆಕಾರ್ಡಿಂಗಿನವನು ಗಡಿಯಾರ ನೋಡಿದ, ತಮ್ಮನನ್ನು ನೋಡಿದ, ಹಿಡಿದು ಮೈಕಿನ ಮುಂದೆ ನಿಲ್ಲಿಸಿದ. ಎರಡೇ ಸಾಲು, ಐದು ನಿಮಿಷದಲ್ಲಿ ಮುಗಿಯಿತು. ಆ ಎರಡು ಸಾಲನ್ನೇ ಜನ ಎತ್ತಿ ಆಡುತ್ತಾರೆಂದು ಯಾರು ಕಂಡಿದ್ದರು? ಹೊಗಳಿಕೆಯೆಲ್ಲ ಘರ್ಜನೆಗೆ ಬಂತು, ಅವನು ಬೇಡವೆನ್ನಲಿಲ್ಲ.

ಈಗ ಮೂರು ದಿನದಿಂದ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮೆತ್ತಗೆ ಸಾಯುವ ಅಭ್ಯಾಸ ನಡೆಸಿದ್ದ. ಪಕ್ಕದ ಮನೆಯವರು ಬಂದು, ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿಕೊಂಡು ಹೋದರು.

ಭಾನುವಾರ ಮಧ್ಯಾಹ್ನ ಹೆಂಡತಿ, ಗಂಡನಿಗೆ ಹುರುಪು ಬರಲೆಂದು, ಆ ಸಿನಿಮಾವನ್ನೇ ಟಿವಿಯಲ್ಲಿ ಹಾಕಿದಳು. ಅತ್ತೆಯನ್ನು ಸೋಫಾದಲ್ಲಿ ಕೂರಿಸಿ, ಮೈದುನನನ್ನೂ ಕರೆಸಿದ್ದಳು.

"ಈ ಹೀರೋ ಮುಖಕ್ಕೆ ಇಸ್ತ್ರಿ ಹಾಕಿಸ್ಕೊಂಡು ಬಂದಿದಾನಾ?" ಎಂದು ಅಮ್ಮ ಶುರುಮಾಡಿದಳು. "ಊರು ಉರೀತಿದೆ, ಹಣೇಲಿ ಒಂದು ಸುಕ್ಕಿಲ್ಲ."

"ದುಃಖ ನುಂಗ್ಕೊಂಡಿದಾನೆ ಅತ್ತೆ."

"ನುಂಗಿದ್ರೆ ಗಂಟಲಾದ್ರೂ ಅಲ್ಲಾಡಬೇಕಲ್ಲ."

ಭಸ್ಮಾಧಿಪತಿ ಬಂದ. ಮಂಚದ ಹೊದಿಕೆಯಷ್ಟು ದೊಡ್ಡ ನಿಲುವಂಗಿ ಬೀಸಿ, ಗಹಗಹಿಸಿ, ತಾನು ಏನೇನು ಸುಡುತ್ತೇನೆಂದು ವಿವರಿಸತೊಡಗಿದ.

"ಇಷ್ಟುದ್ದ ಭಾಷಣ ಯಾಕಂತೆ?" ಎಂದಳು ಹೆಂಡತಿ. "ಇಷ್ಟು ಹೊತ್ತಲ್ಲಿ ಎರಡು ಊರು ಸುಡಬಹುದಿತ್ತು."

"ದನಿನೂ ಅಷ್ಟೇ," ಎಂದಳು ಅಮ್ಮ, ಮಗನ ಮುಖ ನೋಡದೆ. "ಡಬ್ಬದಲ್ಲಿ ಕಲ್ಲು ಹಾಕಿ ಉರುಳಿಸಿದ ಹಾಗಿದೆ."

ತಮ್ಮ ಕಡಲೆಕಾಯಿ ಸುಲಿಯುತ್ತ ಕೂತಿದ್ದ.

ಕೊನೆಯ ದೃಶ್ಯ ಬಂತು. ಹೆಂಡತಿ ಟಿವಿಯ ದನಿ ಏರಿಸಿದಳು. "ಎಲ್ರೂ ಬಾಯಿ ಮುಚ್ಚಿ. ಇವರು ಮನೇಲಿ ಎಷ್ಟೇ ಹಾರಾಡಿದ್ರೂ ನಾನು ಈ ಸೀನು ನೆನೆಸ್ಕೊಂಡು ಸುಮ್ಮನಾಗ್ತೀನಿ ಅತ್ತೆ. ಹೀಗೆ ಮಾತಾಡೋರ ಒಳಗೆ ಒಳ್ಳೇದೇನೋ ಇರಲೇಬೇಕು."

ಕುಸಿದ ಗೋಪುರದಡಿ ಸಿಕ್ಕಿಬಿದ್ದ ಭಸ್ಮಾಧಿಪತಿ, ತೀರಿಹೋದ ಮಗಳನ್ನು ನೆನೆದು ಹೇಳಿದ: "ಅವಳಿಗೆ ಕತ್ತಲೆ ಅಂದ್ರೆ ಭಯ. ದೀಪ ಇರಲಿ."

ಹೆಂಡತಿಯ ಕಣ್ಣು ತುಂಬಿತ್ತು. ಆ ಕಣ್ಣು ತಮ್ಮನ ಕಡೆಗಲ್ಲ, ತನ್ನ ಕಡೆಗೇ ತಿರುಗಿದಾಗ ಘರ್ಜನೆ ನಾಚಿಕೆಯಿಂದ ಎದ್ದು ನಿಂತ.

"ಅದು ನಾನಲ್ಲ!" ಎಂದುಬಿಟ್ಟ. ಎಂದಿನಂತೆ ಕಿಟಕಿ ಅದುರುವಷ್ಟು ಜೋರಾಗಿ. ಆಮೇಲೆ ಎಲ್ಲವನ್ನೂ ಹೇಳಿದ.

ತಮ್ಮ ಕಡಲೆಕಾಯಿ ಕೆಳಗಿಟ್ಟ. "ನಾನೇನೂ ಆಕ್ಟಿಂಗ್ ಮಾಡ್ಲಿಲ್ಲ ಅತ್ತಿಗೆ. ಲಿಫ್ಟಲ್ಲಿ ಸಿಕ್ಕಾಕ್ಕೊಂಡೋರ ಹತ್ರ ಹೀಗೇ ಮಾತಾಡೋದು. ಒಳಗೆ ಕತ್ತಲೆ, ಮಕ್ಕಳು ಅಳ್ತಿರ್ತಾರೆ. ಬಾಗಿಲ ಸಂದಿಗೆ ಬಾಯಿಟ್ಟು ಮೆತ್ತಗೆ ಹೇಳ್ಬೇಕು. ಕೂಗಿದ್ರೆ ಇನ್ನೂ ಹೆದರ್ಕೋತಾರೆ."

"ಇಷ್ಟು ವರ್ಷ ಯಾಕೋ ಬಾಯಿ ಬಿಡಲಿಲ್ಲ?" ಎಂದಳು ಅಮ್ಮ.

"ಅಣ್ಣನಿಗೆ ಅಷ್ಟು ಖುಷಿ ಆಗ್ತಿತ್ತಲ್ಲಮ್ಮ."

ತಮ್ಮ ಬೈದಿದ್ದರೆ ಘರ್ಜನೆ ತಡೆದುಕೊಳ್ಳುತ್ತಿದ್ದ. ಅಲ್ಲೇ ಮೇಡಂಗೆ ಫೋನ್ ಮಾಡಿ, ಆ ದನಿ ತಮ್ಮನದೆಂದು ಹೇಳಿದ. ಮೇಡಂ, "ನಾಳೆ ಹತ್ತು ಗಂಟೆಗೆ ಅವರನ್ನ ಕಳಿಸಿ," ಎಂದು ಫೋನ್ ಇಟ್ಟರು. ಘರ್ಜನೆಗೆ ಬನ್ನಿ ಎನ್ನಲಿಲ್ಲ.

"ನಿಂಗೆ ಸಿಟ್ಟು ಬಂತಾ?" ಎಂದು ಹೆಂಡತಿಯನ್ನು ಕೇಳಿದ.

"ಬರದೆ ಇರತ್ತಾ? ಮೈದುನ ಹೇಳಿದ್ದು ಎರಡು ಸಾಲು. ನೀವು ಇದೇ ಸೋಫಾ ಮೇಲೆ ಕೂತು, ಬಂದೋರೆಲ್ಲ ಹೊಗಳುವಾಗ ತಲೆ ತಗ್ಗಿಸಿ ನಾಚ್ಕೊಂಡು, ಹನ್ನೆರಡು ವರ್ಷ ಮಾಡಿದ್ರಲ್ಲ, ಅದು ಆಕ್ಟಿಂಗ್. ನಂಗೆ ಒಂದು ದಿನಾನೂ ಅನುಮಾನ ಬರಲಿಲ್ಲ." ಅವಳು ಟಿವಿ ಆರಿಸಿದಳು. "ಈಗ ತಮ್ಮನ ಹತ್ರ ಕ್ಷಮೆ ಕೇಳಿ. ಕೂಗ್ಬೇಡಿ."

ಘರ್ಜನೆ ಬಾಯಿ ತೆರೆದ. ಎರಡು ಸಲ ಬರೀ ಕೆಮ್ಮು ಬಂತು. ಮೂರನೆಯ ಸಲಕ್ಕೆ ತಮ್ಮನಿಗೆ ಮಾತ್ರ ಕೇಳುವಷ್ಟು ಮೆತ್ತಗೆ, "ತಪ್ಪಾಯ್ತು ಕಣೋ," ಎಂದ.

ಸೋಫಾದಲ್ಲಿದ್ದ ಅಮ್ಮನಿಗೂ ಅದು ಕೇಳಿಸಿತು.

"ಹ್ಞಾಂ," ಎಂದಳು, "ಇದು ದೊಡ್ಡೋನ ದನಿ."