ಕೆರೆ ಮಂಡಳಿಯ ಹೆಂಗಸು

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೇತುರಾಮನ ಡಿಸೈನ್ ಅಂಗಡಿ. ಮದುವೆ ಕಾಗದ, ಚುನಾವಣೆಯ ಕರಪತ್ರ ಮಾಡಿ ಮಾಡಿ ಬೇಸತ್ತಿದ್ದವನಿಗೆ 2001ರಲ್ಲಿ ಅದೃಷ್ಟ ಕುದುರಿತು. ಹೊಸದಾಗಿ ಹುಟ್ಟಿದ ಕೆರೆ ಸಂರಕ್ಷಣಾ ಮಂಡಳಿಗೆ ಲಾಂಛನ ಮಾಡಿಕೊಡಬೇಕಿತ್ತು. ಅದು ಒಪ್ಪಿಗೆಯಾದರೆ ಬೋರ್ಡು, ಜೀಪು, ಲೆಟರ್‌ಹೆಡ್ಡು ಎಲ್ಲದರ ಕೆಲಸವೂ ಅವನದೇ.

ಕಮಲ ಬರೆದ, ಹಂಸ ಬರೆದ, ಮೀನು ಬರೆದ. ಅಧ್ಯಕ್ಷರಿಗೆ ಒಂದೂ ಹಿಡಿಸಲಿಲ್ಲ. "ಜನ ಬೇಕು ಕಣ್ರೀ, ಜನ!" ಎಂದು ಗದರಿ ಕಳಿಸಿದರು. ತಲೆ ಕೆಟ್ಟು ಕೂತವನ ಕಣ್ಣಿಗೆ ಬಿದ್ದವಳು ಅಂಗಡಿಯ ಕಸ ಗುಡಿಸುವ ಮಾರಮ್ಮ. ಸೊಂಟದ ಮೇಲೆ ಕೊಡ ಇರಿಸಿ, ಮಧ್ಯಾಹ್ನದವರೆಗೆ ನಿಲ್ಲಿಸಿ ಬರೆದ. ಕಾಲು ನೋಯುತ್ತೆ ಅಂದದ್ದಕ್ಕೆ ಬೈದ. ಚಿತ್ರ ಸೊಗಸಾಗಿ ಬಂತು, ಅದನ್ನು ಇಲ್ಲವೆನ್ನಲಾಗದು. ಮಂಡಳಿ ಒಂದೇ ಸಭೆಯಲ್ಲಿ ಒಪ್ಪಿತು.

ಖುಷಿಯಲ್ಲಿ ಸೇತುರಾಮ, ಕೆಳಗೆ ಮಂಡಳಿಯ ಹೆಸರಿದ್ದ ಲಾಂಛನದ ಒಂದು ದೊಡ್ಡ ಪ್ರಿಂಟನ್ನು ಅವಳ ಕೈಗಿತ್ತ.

"ನೋಡು, ನಿನ್ನ ಸರ್ಕಾರಕ್ಕೇ ಸೇರಿಸ್ಬಿಟ್ಟಿದೀನಿ."

ಮಾರಮ್ಮನ ಮನೆ ಇದ್ದದ್ದು ಜೆ.ಪಿ. ನಗರದಾಚೆಯ ಕೆರೆಯಂಗಳದಲ್ಲಿ. ಖಾಲಿ ಮಾಡಬೇಕೆಂದು ಅದೇ ಮಂಡಳಿಯಿಂದ ನೋಟೀಸು ಬಂದಿತ್ತು.

"ಹಂಗಾರೆ ನಮ್ಮನೆ ಕೆಡವಲ್ವಾ ಸಾರ್?"

"ನಿನ್ ಮನೇನ ಮುಟ್ಟೋಕೆ ಯಾವನಿಗಿದೆ ಧೈರ್ಯ!" ಎಂದು ನಕ್ಕ. ಬಡವರ ಮುಂದೆ ತಮಾಷೆ ಮಾಡುವಾಗ ಇಂಥವರ ನಾಲಿಗೆಗೆ ಲಂಗುಲಗಾಮಿರುವುದಿಲ್ಲ.

ಅವಳು ನಂಬಿದಳು. ಅಕ್ಕಪಕ್ಕದವರು ಗಂಟುಮೂಟೆ ಕಟ್ಟಿ ಹೊರಟರೂ ಕದಲಲಿಲ್ಲ. ಪ್ರಿಂಟನ್ನು ಬಾಗಿಲಿಗೆ ಅಂಟಿಸಿ, ಅರಿಸಿನ ಕುಂಕುಮ ಹಚ್ಚಿ, ದಿನಾ ಊದಿನಕಡ್ಡಿ ಬೆಳಗಿದಳು.

ಜೆಸಿಬಿ ಬಂದ ದಿನ ಅದರ ಡ್ರೈವರ್ ಬಾಗಿಲು ನೋಡಿದವನೇ ಇಂಜಿನ್ ನಿಲ್ಲಿಸಿಬಿಟ್ಟ.

"ಸಾರ್, ಇದು ನಿಮ್ಮ ಆಫೀಸಿಂದೇ ಇರ್ಬೇಕು. ನಾನ್ ಮುಟ್ಟಲ್ಲಪ್ಪ."

ಮಂಡಳಿಯ ಇಂಜಿನಿಯರ್ ರವಿಕುಮಾರ್ ಹೌಹಾರಿ ಓಡಿಬಂದರು. ಬೋರ್ಡು ನೆಡಿಸಲು ಬಂದಿದ್ದ ಸೇತುರಾಮನೂ ಅಲ್ಲೇ ಇದ್ದ. ಅವನನ್ನು ಕಂಡು ಮಾರಮ್ಮನಿಗೆ ಹೋದ ಜೀವ ಬಂದಂತಾಯಿತು.

"ಸಾರ್, ನೀವೇ ಹೇಳಿ ಇವ್ರಿಗೆ. ಅದು ನಾನೇ ಅಲ್ವಾ?"

"ಯಾರ್ರೀ ಇವ್ಳು? ನಿಮಗೆ ಗೊತ್ತಾ?" ಎಂದರು ರವಿಕುಮಾರ್.

ಸೇತುರಾಮ, ತಾನಿನ್ನೂ ಲಾಂಛನ ಬರೆಯಬೇಕಿದ್ದ ಮಂಡಳಿಯ ಜೀಪಿನ ಕಡೆ ನೋಡಿದ.

"ಅದು ಯಾರೂ ಅಲ್ಲ ಸಾರ್. ಬರೀ ಲಾಂಛನ."

ಲಾಂಛನದ ಮೇಲೆ ಜೆಸಿಬಿ ಹರಿಸಿದರೆ ನಾಳೆ ಪೇಪರಿನಲ್ಲಿ ಬಂದೀತು. ಸಾಲದ್ದಕ್ಕೆ ಕುಂಕುಮ ಬೇರೆ ಹಚ್ಚಿದೆ. ರವಿಕುಮಾರ್ ಶೂ ಕಳಚಿ, ಬಾಗಿಲಿಗೆ ಕೈಮುಗಿದು, ನೀರು ಚಿಮುಕಿಸಿ ಹಾಳೆಯನ್ನು ಬಿಡಿಸಿದರು. "ಹುಷಾರು, ಹರೀಬಾರ್ದು" ಎನ್ನುತ್ತ ಜೀಪಿನ ಮುಂದಿನ ಸೀಟಿನಲ್ಲಿ ಮಲಗಿಸಿದರು.

ಡ್ರೈವರ್ ಮತ್ತೆ ಇಂಜಿನ್ ಶುರು ಮಾಡಿದ. ಅಕ್ಕಿ ಡಬ್ಬ ತರುತ್ತೇನೆಂದು ಒಳಗೆ ನುಗ್ಗಹೊರಟ ಮಾರಮ್ಮನನ್ನು ಸೇತುರಾಮನೇ ತೋಳು ಹಿಡಿದು ನಿಲ್ಲಿಸಿದ, ಗೋಡೆ ಬೀಳುವ ತನಕ ಬಿಡಲಿಲ್ಲ.