ಬಂದದ, ಬಂದ್ ಅದ

ವಾಡಿ ಹತ್ತಿರದ ಆ ಸಿಮೆಂಟ್ ಕಾರ್ಖಾನೆಯಲ್ಲಿ ದಿನಾ ಏನಾದರೊಂದು ಕೆಡುತ್ತಿತ್ತು. ಕೆಟ್ಟ ಸುದ್ದಿ ಎಲ್ಲಿಗೆ ಹೋಗಬೇಕಾದರೂ ಒಳಗಿನ ಟೆಲಿಫೋನಿನ ಮುಂದೆ ಕೂರುವ ಅಖ್ತರ ಬೇಗಮಳ ಬಾಯಿಂದಲೇ ಹೋಗಬೇಕು. ಯಾವ ದೋಷಕ್ಕೆ ಯಾವ ಮಾತು ಹೇಳಬೇಕೆಂದು ಎದುರಿನ ಕರಿಹಲಗೆಯ ಮೇಲೆ ಬರೆದಿತ್ತು. ಅವಳ ಗಂಡ ಮಶಾಕ ಕಲ್ಲು ಪುಡಿ ಮಾಡುವ ಕ್ರಷರ್‌ನಲ್ಲಿ ಫಿಟರ್. ಕರೆಂಟ್ ಹೋದಾಗ ಯಂತ್ರದೊಳಗೆ ಇಳಿದು ಸಿಕ್ಕಿಕೊಂಡ ಕಲ್ಲು ಬಿಡಿಸುವುದು ಅವನ ಕೆಲಸ. ಹೀಗಾಗಿ ಅವನ ಜೀವ ಆ ಹಲಗೆಯ ಮಾತಿನ ಮೇಲೆ ನಿಂತಿತ್ತು.

ಒಂದು ಬೆಳಿಗ್ಗೆ ಕರೆಂಟ್ ವಿಭಾಗದ ಫೋರ್‌ಮನ್ ದಶರಥ ಸೀಮೆಸುಣ್ಣ ಹಿಡಿದೇ ಬಂದ.

"ಆಪಾ, 'ಕರೆಂಟ್ ಹೋಗ್ಯಾದ' ಅನ್ನೂದು ತೆಗದು 'ಕರೆಂಟ್ ಬಂದ್ ಅದ' ಅಂತ ಬರೀತೀನಿ. ನೀವು ನೋಡಿ ಹೂಂ ಅನ್ರಿ."

"ಯಾಕ ದಶರಥಣ್ಣ, ಹೋಗ್ಯಾದ ಅಂದ್ರ ಏನಾತು?"

"ಹೋಗ್ಯಾದ ಅಂದಕೂಡ್ಲೇ ಎಲ್ಲಾರೂ ನಮ್ಮ ಮಾರಿ ನೋಡ್ತಾರ್ರಿ, ನಾವೇ ಓಡಿಸಿಬಿಟ್ಟಂಗ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ. ಅಖ್ತರಳಿಗೆ ನಗು ಬಂತು. ಅವನು ಬರೆದದ್ದನ್ನು ಓದಿದಳು. ಬಂದ್ ಅಂದರೆ ಬಂದ್. ಅವಳ ಮನೆಮಾತಿನಲ್ಲೂ ಅದೇ, ಬಜಾರದಲ್ಲೂ ಅದೇ. ತಪ್ಪೇನೂ ಕಾಣಲಿಲ್ಲ. ಹೂಂ ಅಂದಳು, ಕ್ರಷರ್‌ಗೂ ಹೊಸ ಮಾತು ತಿಳಿಸಿದಳು.

ಮಧ್ಯಾಹ್ನ ಕರೆಂಟ್ ಹೋಯಿತು. "ಕರೆಂಟ್ ಬಂದ್ ಅದ" ಎಂದು ಹೇಳಿದಳು. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಬಂದರೆ ಯಂತ್ರಗಳ ಗುಂಡಿ ಒತ್ತುವ ಮೇಲಿನ ಕೋಣೆಯವರು ಕೂಡಲೇ ಯಂತ್ರ ಚಾಲೂ ಮಾಡುತ್ತಾರೆ. ಅವಳು ಕ್ರಷರ್‌ಗೆ ಫೋನ್ ಹಚ್ಚಿ ಎಂದಿನಂತೆ ಹೇಳಿದಳು: "ಕರೆಂಟ್ ಬಂದದ."

"ಇನ್ನಾ ಬಂದ್ ಅದೇನ್ರಿ? ಚಲೋ ಆತು," ಎಂದ ಅಲ್ಲಿ ಫೋನ್ ಎತ್ತುವ ರಾಮಲಿಂಗ. "ಮತ್ತೊಂದು ಕಲ್ಲು ಸಿಕ್ಕೊಂಡದ. ಮಶಾಕಗ ಇಳಿ ಅಂತೀನಿ."

ಫೋನ್ ಇಟ್ಟುಬಿಟ್ಟ.

ಅಖ್ತರ ಹಲಗೆಯ ಕಡೆ ತಿರುಗಿದಳು. 'ಬಂದ್', 'ಅದ' ಎರಡರ ನಡುವೆ ಸೀಮೆಸುಣ್ಣ ಜಾಗ ಬಿಟ್ಟಿತ್ತು, ಆಡುವ ಬಾಯಿ ಬಿಟ್ಟಿರಲಿಲ್ಲ. ಮತ್ತೆ ಫೋನ್ ಹಚ್ಚಿದಳು. ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ. ಕೊನೆಗೆ ರಾಮಲಿಂಗ ಎತ್ತಿದ.

"ಇಳೀಬ್ಯಾಡ ಅನ್ರಿ! ಕರೆಂಟ್ ಬಂತು! ಬಂತು, ಬಂತು!"

ಅವನು ಫೋನ್ ಕೈಬಿಟ್ಟು ಕೂಗುತ್ತ ಓಡಿದ್ದು ಕೇಳಿಸಿತು. ಹಿಂದೆಯೇ ಯಂತ್ರ ಗುಡುಗಿತು. ಅಖ್ತರ ಅಲ್ಲಾಹನನ್ನು ನೆನೆಯುತ್ತ ಫೋನಿನಿಂದ ಕಿವಿ ತೆಗೆಯದೆ ಕುಳಿತಳು.

"ಅಖ್ತರ್, ಕ್ಯಾ ಹುವಾ?" ಮಶಾಕನ ದನಿ. "ಒಂದು ಕಾಲು ಒಳಗ ಇಟ್ಟಿದ್ದೆ ಅಷ್ಟೇ."

ಹೋದ ಜೀವ ಬಂದಂತಾಯಿತು.

ಸುದ್ದಿ ಕೇಳಿ ಓಡಿಬಂದ ದಶರಥ ಹಲಗೆಯನ್ನು ಅಂಗೈಯಿಂದಲೇ ಒರೆಸಿದ. "ನಮ್ಮ ಹೆಸರ ಹೋದ್ರ ಹೋಗ್ಲಿ ಆಪಾ," ಎಂದು 'ಹೋಗ್ಯಾದ' ಅಂತ ದೊಡ್ಡದಾಗಿ ಬರೆದ. ಅವಳು ಅವನನ್ನು ಬೈಯಲಿಲ್ಲ. ತಾನು ಓದಿ ನೋಡಿದ್ದೆ, ಆಡಿ ನೋಡಿರಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು. ಹಲಗೆಯ ಮಿಕ್ಕ ಮಾತುಗಳನ್ನೆಲ್ಲ ಒಂದೊಂದಾಗಿ ಫೋನಿನಲ್ಲಿ ಆಡಿ, ರಾಮಲಿಂಗನಿಂದ ತಿರುಗಿ ಹೇಳಿಸಿದ ಮೇಲೆಯೇ ಮನೆಗೆ ಹೋದಳು.

ಸಂಜೆ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದ ಮನೆಯ ಮಾಣಿಕಮ್ಮ ಕೂಗಿದಳು:

"ಅಖ್ತರ್, ನಿನ್ನ ಗಂಡ ಬಂದ ನೋಡು."

"ಏನಂದ್ರಿ ಅವ್ವಾ? ಇನ್ನೊಮ್ಮೆ ಅನ್ರಿ."

"ಬಂದ ಅಂದೆ. ಕಿವಿ ಬಂದ್ ಆಗ್ಯಾವೇನು ನಿನ್ನವು?"

ಅಖ್ತರ ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಹಾಗೆಯೇ ಕುಳಿತು ಅಳತೊಡಗಿದಳು.